ಒಂದು ಗೆರೆ ಜಾಸ್ತಿ

ಡ್ಯಾಕ್ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಒಯ್ಯುವಾಗ ತಲೆಯ ಮೇಲಿನ ಕ್ಯಾರಿಯರಿಗೆ ಹಾಕಬಾರದು, ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದು. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಎಷ್ಟು ಉಬ್ಬುಗಳಿವೆ ಎಂದು ನನ್ನ ತೊಡೆಗೆ ಗೊತ್ತು. ಕಂಡಕ್ಟರೊಬ್ಬರು ನನ್ನನ್ನು ದಿನಾ ನೋಡಿ ನೋಡಿ, ಏನ್ರಿ ಅದು ದೇವರ ಪೆಟ್ಟಿಗೆ ಹಿಡ್ಕಂಡಂಗೆ ಹಿಡ್ಕಂಡೀರಿ ಎಂದು ಒಮ್ಮೆ ಕೇಳಿದರು. ಹಾಡಿನ ಪೆಟ್ಟಿಗೆ ಎಂದೆ. ಹಾಡಿಸಿ ನೋಡೋಣ ಎಂದರು. ಇದೊಂದರಿಂದಲೇ ಹಾಡುವುದಿಲ್ಲ, ಹಿಂದೊಂದು ಮುಂದೊಂದು ಪೆಟ್ಟಿಗೆ ಬೇಕು ಎಂದು ವಿವರಿಸುವಷ್ಟರಲ್ಲಿ ಅವರು ಹಿಂದಿನ ಬಾಗಿಲಿಗೆ ಹೋಗಿದ್ದರು.

ವಿವರ ಇಷ್ಟೇ. ಹಾಡು ಈಗ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬರೀ ಅಂಕಿಗಳಾಗಿ ಕುಳಿತಿರುತ್ತದೆ. ಆ ಅಂಕಿಗಳನ್ನು ಮತ್ತೆ ಕರೆಂಟಿನ ಅಲೆ ಮಾಡಿ ಆಂಪ್ಲಿಫೈಯರಿಗೆ ಕೊಡುವುದು ಡ್ಯಾಕಿನ ಕೆಲಸ. ಫೋನಿನೊಳಗೂ ಉಗುರಿನಷ್ಟು ಸಣ್ಣದೊಂದು ಇರುತ್ತದೆ. ಅದನ್ನೇ ದೊಡ್ಡದಾಗಿ, ಅಚ್ಚುಕಟ್ಟಾಗಿ, ಭಾರೀ ಬೆಲೆಗೆ ಮಾಡಿದರೆ ನಾನು ಹೊರುತ್ತಿದ್ದ ಪೆಟ್ಟಿಗೆ. ನನ್ನ ಹೆಂಡತಿ ಲಲಿತಾಗೆ ಇದನ್ನು ಹೇಳುವಾಗ, ಹಿಟ್ಟು ಅಂಗಡಿಯಿಂದ ಬರುತ್ತದೆ, ರೊಟ್ಟಿ ತಟ್ಟುವುದು ಇದು ಎಂದಿದ್ದೆ. ಹಿಟ್ಟು ಒಂದೇ ಆದರೆ ರೊಟ್ಟಿ ಬೇರೆ ಬೇರೆ ಹೇಗಾಗುತ್ತದೆ ಎಂದು ಅವಳು ಕೇಳಿದಳು. ಅದಕ್ಕೆ ಉತ್ತರ ಹುಡುಕುವುದೇ ನನ್ನ ಹದಿನಾರು ವರ್ಷದ ಸಂಬಳದ ಕೆಲಸವಾಯಿತು.

ಆ ಹುಡುಕಾಟದಲ್ಲಿ ಸೊರಬದ ಸುಶೀಲಮ್ಮ ಟೀಚರ ಸಂಗೀತ ಪಾಠ ನನ್ನ ದೆಸೆಯಿಂದ ನಿಂತೇ ಹೋಗುವುದರಲ್ಲಿತ್ತು. ಅದನ್ನು ಹೇಳಲೆಂದೇ ಬರೆಯಲು ಕುಳಿತಿದ್ದೇನೆ. ಆದರೆ ನೇರ ಅಲ್ಲಿಗೇ ಹಾರಿದರೆ ನಾನು ಮಾಡಿದ್ದು ಎಂಥ ತಪ್ಪು ಎಂದು ತಿಳಿಯುವುದಿಲ್ಲ.

ಮೊದಲು ನಾನು ರಿಪೇರಿಯವನು. ಶಿಕಾರಿಪುರದಲ್ಲಿ ಗುರುಸಿದ್ದಪ್ಪನವರ ಅಂಗಡಿಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್, ಆಮೇಲೆ ಮದುವೆ ಮನೆಯ ಆಂಪ್ಲಿಫೈಯರ್ ಬಿಚ್ಚಿ ಕಟ್ಟುತ್ತ ಕೆಲಸ ಕಲಿತೆ. ಅವರದು ಮಾತು ಕಡಿಮೆ, ಸೀನು ಜಾಸ್ತಿ. ಬೆಸುಗೆಯ ಹೊಗೆ ಮೂಗಿಗೆ ಹೋದರೆ ಏಳು ಸೀನು ಗ್ಯಾರಂಟಿ. ಸೆಟ್ಟು ರಿಪೇರಿಯಾದ ಮೇಲೆ ಅವರು ಅದರ ಎದುರು ಕುಳಿತು ಕೇಳುತ್ತಿರಲಿಲ್ಲ. ಹಾಡು ಹಚ್ಚಿ, ಹಿಂದಿನ ಕೋಣೆಗೆ ಹೋಗಿ ಚಹಾ ಕುಡಿಯುತ್ತಿದ್ದರು. "ಎದ್ರಿಗೆ ಕುಂತ್ರೆ ನೀನು ಕೇಳ್ತಿ. ಒಳಗ ಕುಂತ್ರೆ ಅದೇ ಕೇಳ್ಸತೈತಿ," ಎನ್ನುತ್ತಿದ್ದರು. ಆಗ ಇದು ಚಹಾ ಕುಡಿಯಲು ನೆಪ ಎಂದುಕೊಂಡಿದ್ದೆ.

ಟೇಪು ಹೋಯಿತು, ಸೀಡಿ ಬಂತು, ಅದೂ ಹೋಯಿತು. ರಿಪೇರಿಗೆ ಬರುವ ಸಾಮಾನೇ ಇಲ್ಲವಾದಾಗ ದಾವಣಗೆರೆಯ ಆಡಿಯೋ ಅಂಗಡಿಯೊಂದರ ಯಜಮಾನರು ನನ್ನನ್ನು ಕರೆದರು. ನಮ್ಮ ಎರಡು ತಾಲ್ಲೂಕಿನಲ್ಲಿ ಕೇಳುವ ಹುಚ್ಚಿನವರು ಹತ್ತು ಹನ್ನೆರಡು ಜನ ಇದ್ದರು. ಗಿರಣಿ ಮಾಲೀಕರು, ಹಲ್ಲಿನ ಡಾಕ್ಟರು, ಒಬ್ಬ ನಿವೃತ್ತ ಸರ್ವೇಯರು, ತೊಗರ್ಸಿ ಕಡೆಯ ಒಬ್ಬ ಬೀಜ ಗೊಬ್ಬರದ ವ್ಯಾಪಾರಿ. ಇವರ ಮನೆಗೆ ಎರಡೆರಡು ಪೆಟ್ಟಿಗೆ ಒಯ್ದು, ಒಂದರ ಪಕ್ಕ ಒಂದು ಇಟ್ಟು, ಕೇಳಿಸಿ, ಅವರಿಗೆ ಹೊಂದುವುದನ್ನು ಆರಿಸಿಕೊಡುವುದು ನನ್ನ ಕೆಲಸ. ಕೇಳಿದ್ದನ್ನೆಲ್ಲ ಒಂದು ನೂರು ಹಾಳೆಯ ನೋಟ್ ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಯಾವ ಪೆಟ್ಟಿಗೆ, ಯಾವ ಮನೆ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ವೋಲ್ಟೇಜು ಎಷ್ಟಿತ್ತು, ಮನೆಯವರು ಏನು ತಿಂಡಿ ಕೊಟ್ಟರು. ತಿಂಡಿ ಬರೆಯುವುದು ಹಾಸ್ಯಕ್ಕಲ್ಲ. ಹೊಟ್ಟೆ ತುಂಬಿದಾಗ ಎಲ್ಲ ಪೆಟ್ಟಿಗೆಯೂ ಇಂಪಾಗಿ ಕೇಳಿಸುತ್ತದೆ.

ಈ ಕೆಲಸದಲ್ಲಿ ಕಿವಿಗಿಂತ ಕಷ್ಟ ಕೊಡುವುದು ಮಾತು. ಕಂಪನಿಯ ಕಾಗದದಲ್ಲಿರುವ ಇಂಗ್ಲಿಷು ಯಾರಿಗೂ ಬೇಡ. ಜನ ತಮ್ಮ ಅಡುಗೆ ಮನೆಯ ಮಾತನ್ನೇ ತರುತ್ತಾರೆ. ವಾದ್ಯ ವಾದ್ಯ ಬೇರೆಯಾಗಿ ಕೇಳಿದರೆ ಸೊರಬದವರು ಉದುರಾಗಿದೆ ಎನ್ನುತ್ತಾರೆ, ಅನ್ನ ಉದುರಾದ ಹಾಗೆ. ಎಲ್ಲ ಕಲಸಿಕೊಂಡರೆ ಮುದ್ದೆಯಾಗಿದೆ. ಶಿಕಾರಿಪುರದಲ್ಲಿ ಇನ್ನೊಂದು ಮಾತಿದೆ, ಖಡಕ್. ನಮ್ಮ ಗಿರಣಿಯ ಚನ್ನಬಸಪ್ಪನವರಿಗೆ ಧ್ವನಿ ಖಡಕ್ ಇರಬೇಕು, ಖಡಕ್ ರೊಟ್ಟಿಯ ಹಾಗೆ ಮುರಿದರೆ ಸದ್ದು ಬರಬೇಕು. ಅವರು ಮೆಚ್ಚಿದ ಪೆಟ್ಟಿಗೆಯ ಎದುರು ನಾನು "ಬಹಳ ಖಡಕ್" ಎಂದು ಬರೆದು, ಅದೇ ಹಾಳೆಯನ್ನು ಪೆಟ್ಟಿಗೆಯ ಜೊತೆ ಸೊರಬದ ಹಲ್ಲಿನ ಡಾಕ್ಟರಿಗೂ ಕಳಿಸಿದೆ. ಡಾಕ್ಟರು ಪೆಟ್ಟಿಗೆಯನ್ನು ಬಿಚ್ಚಿಯೂ ನೋಡದೆ ವಾಪಸು ಮಾಡಿದರು. ಖಡಕ್ ಅಂದರೆ ಗಡುಸು, ಕಿವಿಗೆ ಹೊಡೆಯುತ್ತದೆ ಅಂತಲ್ವ, ಬೆಳಿಗ್ಗೆಯಿಂದ ಸಂಜೆ ತನಕ ಡ್ರಿಲ್ಲಿಂಗ್ ಸದ್ದು ಕೇಳಿ ಬರೋನಿಗೆ ಮನೆಯಲ್ಲೂ ಅದೇ ಯಾಕೆ ಎಂದು ಕೇಳಿದರು. ಆವತ್ತಿನಿಂದ ನೋಟ್ ಬುಕ್ಕಿನಲ್ಲಿ ಮಾತಿನ ಪಕ್ಕದಲ್ಲಿ ಊರಿನ ಹೆಸರನ್ನೂ ಬರೆಯತೊಡಗಿದೆ.

ಇನ್ನೊಂದು ಸಲ ಜಡೆಯ ಹತ್ತಿರ ಒಂದು ಮನೆಯಲ್ಲಿ ಪೆಟ್ಟಿಗೆ ಹಚ್ಚಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು. ಪೆಟ್ಟಿಗೆ ಕೆಟ್ಟಿದೆ ಎಂದು ಷರಾ ಬರೆದು ದಾವಣಗೆರೆಗೆ ಹೊತ್ತೆ. ಅಲ್ಲಿ ಸದ್ದಿಲ್ಲ. ಮತ್ತೆ ಜಡೆಗೆ ಹೊತ್ತೆ, ಗುಂಯ್. ಮೂರನೇ ಸಲ ಮನೆಯ ಅಜ್ಜಿ ಫ್ರಿಜ್ಜಿನ ಪ್ಲಗ್ಗು ಕಿತ್ತು ನೆಲ ಒರೆಸುತ್ತಿದ್ದರು, ಗುಂಯ್ ನಿಂತಿತು. ಅರ್ಥಿಂಗ್ ಸರಿ ಇರಲಿಲ್ಲ, ಪೆಟ್ಟಿಗೆ ಚೊಕ್ಕವಾಗಿತ್ತು. ದೋಷ ಹೊರಿಸುವ ಮೊದಲು ಮನೆಯ ಪ್ಲಗ್ಗುಗಳನ್ನೆಲ್ಲ ಒಂದೊಂದಾಗಿ ಕೀಳಿ.

ಇನ್ನು ಯಜಮಾನರ ವಿಷಯ. ಕೆಟ್ಟವರಲ್ಲ, ಹಬ್ಬಕ್ಕೆ ಮನೆಗೇ ಕರೆದು ಊಟ ಹಾಕುತ್ತಿದ್ದರು. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಗುಟ್ಟು ಹೇಳಿಕೊಟ್ಟರು. ಎರಡು ಪೆಟ್ಟಿಗೆ ಕೇಳಿಸುವಾಗ ಯಾವುದು ಹೋಗಬೇಕೋ ಅದರ ವಾಲ್ಯೂಮನ್ನು ಒಂದು ಗೆರೆ ಜಾಸ್ತಿ ಇಡು. ಎರಡಲ್ಲ, ಎರಡಿಟ್ಟರೆ ಜೋರಾಯಿತು ಎಂದು ತಿಳಿದುಬಿಡುತ್ತದೆ. ಒಂದೇ ಗೆರೆ ಇಟ್ಟರೆ ಜೋರು ಅನ್ನಿಸುವುದಿಲ್ಲ, ಚಂದ ಅನ್ನಿಸುತ್ತದೆ. ಇದು ಮನುಷ್ಯರ ಕಿವಿಯ ಸ್ವಭಾವ. ಇದು ಮೋಸವಲ್ಲ ಮಂಜಪ್ಪ, ಗಿರಾಕಿಗೆ ತೀರ್ಮಾನ ಮಾಡಲು ಸಹಾಯ ಎಂದರು. ನಾನೂ ಹಾಗೇ ಅಂದುಕೊಂಡೆ. ಕೆಲವು ವರ್ಷದಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ ಪೆಟ್ಟಿಗೆ ಹಚ್ಚಿದಾಗ ಕೈ ತಾನಾಗಿ ಆ ಗೆರೆಗೆ ಹೋಗುತ್ತಿತ್ತು. ಆಮೇಲೆ ನನ್ನ ಕಿವಿಯೇ ಆ ಪೆಟ್ಟಿಗೆ ಮೇಲು ಎಂದು ಹೇಳುತ್ತಿತ್ತು, ನಾನು ನಂಬಿ ನೋಟ್ ಬುಕ್ಕಿನಲ್ಲಿ ಬರೆಯುತ್ತಿದ್ದೆ. ಹೊಸಬರು ಇದನ್ನು ಗಮನಿಸಬೇಕು. ಈ ಗುಟ್ಟಿಗೆ ಮೊದಲು ಬಲಿಯಾಗುವವನು ಮಾರುವವನೇ.

ನಿವೃತ್ತಿಯಾದ ಮೇಲೆ ಚನ್ನಬಸಪ್ಪನವರ ಗಿರಣಿಗೆ ಹೋಗಿ ಇದನ್ನು ಒಪ್ಪಿಕೊಂಡೆ. ಅವರು ನಕ್ಕರು. "ನನಗ ಗೊತ್ತಿರ್ಲಿಲ್ಲೇನು ಮಂಜಣ್ಣ? ಚೀಲದ ಬಾಯಾಗ ಚೊಲೊ ಅಕ್ಕಿ ತೋರ್ಸಾ ಮಂದಿ ನಾವು," ಎಂದರು.

ಈಗ ಸುಶೀಲಮ್ಮ ಟೀಚರು. ಸೊರಬದ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ತಂಗಿ ಗಿರಿಜಮ್ಮನ ಜೊತೆ ವಾಸ. ಸಂಜೆ ಆರು ಹುಡುಗಿಯರಿಗೆ ಸಂಗೀತ ಹೇಳಿಕೊಡುತ್ತಿದ್ದರು, ತಂಬೂರಿ ತಾವೇ ಮೀಟುತ್ತಿದ್ದರು. ಸಂಧಿವಾತ ಬಂದು ಬೆರಳುಗಳು ಮಡಚಿಕೊಂಡ ಮೇಲೆ ಮೀಟುವುದು ನಿಂತಿತು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದುಕೊಟ್ಟವರಿಗೆ ಇದು ಜೀರುಂಡೆ ಎಂದು ಹೇಳಿ ವಾಪಸು ಕಳಿಸಿದರು. ಆದರೆ ನಾಲ್ಕು ವರ್ಷದ ಹಿಂದೆ, ಅವರು ಊರಿನಲ್ಲಿಲ್ಲದ ದಿನಗಳಲ್ಲೂ ಹುಡುಗಿಯರು ಅಭ್ಯಾಸ ಮಾಡಲಿ ಎಂದು, ಅವರು ಮೀಟಿದ ತಂಬೂರಿಯನ್ನು ನಾನೇ ರೆಕಾರ್ಡ್ ಮಾಡಿಕೊಟ್ಟಿದ್ದೆ. ಅದನ್ನು ಒಳ್ಳೆಯ ಡ್ಯಾಕಿನಲ್ಲಿ ಹಾಕಿದರೆ ತಂಬೂರಿ ತಂಬೂರಿಯ ಹಾಗೇ ಕೇಳಿಸುತ್ತದೋ ಎಂದು ಅವರ ಪ್ರಶ್ನೆ. ಕೇಳಿಸಿದರೆ ಪಾಠ ಉಂಟು, ಇಲ್ಲವಾದರೆ ಇಲ್ಲ. ಶ್ರುತಿಯಿಲ್ಲದೆ ಹಾಡಿಸುವುದು ಕಣ್ಣು ಕಟ್ಟಿ ಓಡಿಸಿದ ಹಾಗೆ, ಅದನ್ನು ನಾನು ಮಾಡುವುದಿಲ್ಲ ಎಂದು ಖಂಡಿತವಾಗಿ ಹೇಳಿದರು.

ಎರಡು ಪೆಟ್ಟಿಗೆ ಒಯ್ದೆ. ಕರಿಯದು ಭಾರೀ ದುಬಾರಿ, ಬಿಳಿಯದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಯಜಮಾನರಿಗೆ ಕರಿಯದು ಮಾರಾಟವಾಗಬೇಕಿತ್ತು. ನಡುಮನೆಯಲ್ಲಿ ಎರಡನ್ನೂ ಹಚ್ಚಿ, ಮೊದಲು ಬಿಳಿಯದರಲ್ಲಿ, ಆಮೇಲೆ ಕರಿಯದರಲ್ಲಿ ತಂಬೂರಿ ಕೇಳಿಸಿದೆ. ಟೀಚರು ಕಣ್ಣು ಮುಚ್ಚಿ ಕುಳಿತಿದ್ದರು.

"ಎರಡನೇದು ಹತ್ತಿರ ಬಂತು ಮಂಜಪ್ಪನವರೆ," ಎಂದರು.

ಅದೇ ನೋಡಿ ಟೀಚರ್, ಮೇಲ್ದರ್ಜೆಯ ಲಕ್ಷಣವೇ ಅದು ಎಂದು ನಾನು ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಚೆನ್ನಾಗಿ ಹಾಡೋರನ್ನ ಮುಂದಿನ ಸಾಲಲ್ಲಿ ಕೂರಿಸ್ತೇವೆ. ಹಾಗಂತ ಮುಂದಿನ ಸಾಲಲ್ಲಿ ಕೂತವರೆಲ್ಲ ಚೆನ್ನಾಗಿ ಹಾಡ್ತಾರಾ? ಇದನ್ನ ಹಿಂದೆ ಕೂರಿಸಿ ಹಾಡಿಸಿ."

ಹದಿನೈದು ವರ್ಷದಲ್ಲಿ ಆ ಗೆರೆಯನ್ನು ಯಾರೂ ಹಿಡಿದು ತೋರಿಸಿರಲಿಲ್ಲ. ಚೀಲದಿಂದ ಮೀಟರು ತೆಗೆದೆ. ಒಂದೇ ಸ್ವರ ಎಳೆಯುವ ಫೈಲು ಹಾಕಿ, ಸ್ಪೀಕರಿನ ತಂತಿಗೆ ಮೀಟರು ಹಿಡಿದು, ಎರಡೂ ಪೆಟ್ಟಿಗೆಯ ಮಟ್ಟವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕೂರಿಸಿದೆ. ನಿಜ ಹೇಳುತ್ತೇನೆ, ಆ ಕೆಲಸಕ್ಕೆ ಹಿಡಿದದ್ದು ಐದು ನಿಮಿಷ. ಹದಿನೈದು ವರ್ಷ ನಾನು ಮಾಡದೆ ಬಿಟ್ಟ ಐದು ನಿಮಿಷ.

ಈಗ ಪೆಟ್ಟಿಗೆಗಳನ್ನು ಮರೆಮಾಡಿ ಪರದೆ ಕಟ್ಟಿದೆವು. ಬದಲಿಸುವ ಕೆಲಸ ಗಿರಿಜಮ್ಮನದು. ಅಡುಗೆ ಮನೆಯಿಂದ ಬಂದು ಪರದೆಯ ಹಿಂದೆ ಏನೋ ಮಾಡಿ ಹೋದರು. ಈಗಿನದು ಕರಿಯದು ಎಂದು ನಾನು ಹೇಳಿದೆ. ಮಂದ್ರದ ತಂತಿಗೆ ಮೈ ತುಂಬಿದೆ, ಒಂದು ನಾದಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬಂದಿದೆ, ಮೊದಲಿನದಕ್ಕಿಂತ ಉದುರಾಗಿದೆ ಎಂದು ನೋಟ್ ಬುಕ್ಕಿನ ಮಾತುಗಳನ್ನೆಲ್ಲ ಹೊರಗೆ ತೆಗೆದೆ.

"ನಾನು ಬದಲಿಸ್ಲೇ ಇಲ್ಲ ಮಾರಾಯ್ರೆ," ಎಂದರು ಗಿರಿಜಮ್ಮ. "ಒಗ್ಗರಣೆ ಸೀದು ಹೋಗ್ತಿತ್ತು, ಬರೀ ನಿಂತು ವಾಪಸ್ ಹೋದೆ."

ಅಕ್ಕ ತಂಗಿ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು.

ಟೀಚರು ಮಾತ್ರ ಬೇರೆಯದನ್ನೇ ಯೋಚಿಸುತ್ತಿದ್ದರು. ಎರಡರಲ್ಲೂ ಜೀವಾಳ ಇಲ್ಲ ಎಂದರು. ತಂಬೂರಿಯ ಕುದುರೆ, ಅಂದರೆ ತಂತಿಗಳನ್ನು ಹೊರುವ ತುಂಡಿನ ಮೇಲೆ, ತಂತಿಯ ಕೆಳಗೆ ಸಣ್ಣದೊಂದು ನೂಲಿನೆಳೆ ಸೇರಿಸುತ್ತಾರೆ. ಅದನ್ನು ಸರಿಯಾದ ಜಾಗದಲ್ಲಿ ಕೂರಿಸಿದರೆ ತಂತಿಯಿಂದ ಝೇಂಕಾರ ಏಳುತ್ತದೆ. ಆ ಎಳೆಗೂ, ಅದರಿಂದ ಬರುವ ಝೇಂಕಾರಕ್ಕೂ ಜೀವಾಳ ಎಂದೇ ಹೆಸರು. ಅದಿಲ್ಲದಿದ್ದರೆ ತಂತಿ ಇದೆ, ತಂಬೂರಿ ಇಲ್ಲ.

ಒಂದೇ ದಿನದಲ್ಲಿ ತೀರ್ಮಾನ ಬೇಡ ಎಂದು ಎರಡನ್ನೂ ಅಲ್ಲೇ ಬಿಟ್ಟೆ. ಹದಿನಾಲ್ಕು ದಿನ ಗಿರಿಜಮ್ಮ ಯಾರಿಗೂ ಹೇಳದೆ ಬೆಳಿಗ್ಗೆ ಒಂದನ್ನು ಹಚ್ಚಬೇಕು, ಸಂಜೆ ಹುಡುಗಿಯರು ಶ್ರುತಿ ಬಿಟ್ಟಾಗಲೆಲ್ಲ ಟೀಚರು ತೊಡೆ ತಟ್ಟಿ ನಿಲ್ಲಿಸುತ್ತಾರಲ್ಲ, ಆ ತಟ್ಟುಗಳನ್ನು ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಗೀರಬೇಕು. ಹೀಗೆ ತೂಗುವುದನ್ನು ನಾನು ಯಾವ ಕಾಗದದಲ್ಲೂ ಓದಿರಲಿಲ್ಲ. ಗಿರಿಜಮ್ಮನದೇ ಉಪಾಯ. ಹದಿನೈದನೇ ದಿನ ಹೋಗಿ ನೋಡಿದರೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವನ್ನೂ ಮುಚ್ಚಿ ಗೀರುಗಳು ತುಂಬಿದ್ದವು. ಕರಿಯದರ ದಿನಗಳಲ್ಲೂ ಅಷ್ಟೇ, ಬಿಳಿಯದರ ದಿನಗಳಲ್ಲೂ ಅಷ್ಟೇ. ಮಕ್ಕಳು ಎರಡರಲ್ಲೂ ಒಂದೇ ರೀತಿ ದಾರಿ ತಪ್ಪುತ್ತಿದ್ದರು.

"ಸಾಕು ಬಿಡಿ," ಎಂದರು ಟೀಚರು. "ಈ ತಿಂಗಳು ಮುಗೀಲಿ. ಬೇರೆ ಕಡೆ ಸೇರಿಸಿ ಅಂತ ಮಕ್ಕಳ ಮನೆಯವರಿಗೆ ಹೇಳ್ತೇನೆ."

ಪೆಟ್ಟಿಗೆ ಕಟ್ಟುವ ಮೊದಲು, ದಾವಣಗೆರೆಯ ದೊಡ್ಡ ಸೆಟ್ಟಿನಲ್ಲಿ ಒಮ್ಮೆ ಹಾಕಿ ನೋಡೋಣ ಎಂದು ಆ ತಂಬೂರಿಯ ಫೈಲನ್ನು ನನ್ನ ಕಂಪ್ಯೂಟರಿಗೆ ನಕಲು ಮಾಡಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ನಕಲಾಯಿತು. ಅರ್ಧ ಗಂಟೆಯ ತಂಬೂರಿ ಅಷ್ಟು ಬೇಗ ಬರಬಾರದು. ಫೈಲಿನ ಗಾತ್ರ ನೋಡಿದೆ, ಅಂಗೈಯಷ್ಟು. ಆಗ ಎಲ್ಲ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಹುಡುಗಿಯರ ಫೋನಿಗೆ ಕಳಿಸಲು ಸುಲಭವಾಗಲಿ ಎಂದು ನಾನು ಅದನ್ನು ಹಿಂಡಿ ಸಣ್ಣದು ಮಾಡಿದ್ದೆ. ಹಾಗೆ ಹಿಂಡುವಾಗ ಕಂಪ್ಯೂಟರು ಮೊದಲು ಬಿಸಾಡುವುದು ಸೂಕ್ಷ್ಮವಾದ ಮೇಲು ನಾದಗಳನ್ನು, ಎಂದರೆ ಜೀವಾಳವನ್ನೇ. ಮೂಲ ರೆಕಾರ್ಡಿಂಗ್ ಇದ್ದ ಮೆಮೊರಿ ಕಾರ್ಡನ್ನು ಅಳಿಸಿ, ಅದರಲ್ಲೇ ಮುಂದಿನ ವಾರ ಒಂದು ಮದುವೆಯ ಓಲಗ ರೆಕಾರ್ಡ್ ಮಾಡಿದ್ದೆ. ಎರಡು ಉತ್ತಮ ಪೆಟ್ಟಿಗೆಗಳನ್ನು ಹದಿನಾಲ್ಕು ದಿನ ತೂಗಿದ್ದು ನಾನೇ ಕತ್ತರಿಸಿದ ಚಿಂದಿಯ ಮೇಲೆ.

ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು, ಅವರಿಗೆ ಏನೂ ಹೇಳದೆ ಎದ್ದು ಬಂದೆ. ಬಸ್ಸಿನಲ್ಲಿ ಕುಳಿತು ಯಜಮಾನರಿಗೆ ಫೋನು ಮಾಡಿದೆ. ವಿಷಯ ಕೇಳಿ ಅವರು, ಕೇಬಲ್ಲು ಬದಲಿಸಿ ನೋಡೋಣ ಅನ್ನು, ಅಷ್ಟರಲ್ಲಿ ಅವರೇ ಮರೆಯುತ್ತಾರೆ ಎಂದರು. ಅದು ಆಗುವ ಮಾತೇ ಆಗಿತ್ತು. ನನ್ನನ್ನು ಬಿಟ್ಟು ಆ ಫೈಲಿನ ಗಾತ್ರ ನೋಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಪಾಠ ನಿಂತರೆ ಬೆರಳಿನ ಕಾಯಿಲೆಯಿಂದ ನಿಂತಿತು ಎಂದೇ ಊರು ಹೇಳುತ್ತಿತ್ತು.

ಮರುದಿನ ಬೆಳಗಿನ ಬಸ್ಸಿಗೇ ಸೊರಬಕ್ಕೆ ಹೋದೆ. ರೆಕಾರ್ಡ್ ಮಾಡುವ ಯಂತ್ರ, ಎರಡು ಮೈಕು ಚೀಲದಲ್ಲಿದ್ದವು, ಯಾವ ಧೈರ್ಯದಿಂದ ಹಾಕಿಕೊಂಡೆನೋ ಗೊತ್ತಿಲ್ಲ. ಟೀಚರ ಎದುರು ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದು ಗೆರೆಯ ಗುಟ್ಟನ್ನೂ ಸೇರಿಸಿ ಹೇಳಿದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಹಾಗಾದ್ರೆ ಹದಿನಾಲ್ಕು ದಿನ ನಾವು ಕೇಳಿದ್ದು ನಿಮ್ಮ ಕತ್ತರಿ ಕೆಲಸನಾ?"

"ಹೌದು ಟೀಚರ್."

"ನಾನು ಮಕ್ಕಳಿಗೆ ತೊಡೆ ತಟ್ಟಿ ತಟ್ಟಿ ಬೈದೆನಲ್ಲ."

ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮ ಒಂದೇ ಮಾತು ಕೇಳಿದರು. "ನೀರು ಕಾಯಿಸ್ಲಾ ಅಕ್ಕ?"

ಚಹಾಕ್ಕೆ ಎಂದುಕೊಂಡೆ. ಟೀಚರು ಸ್ವಲ್ಪ ಯೋಚಿಸಿ, ಕಾಯಿಸು ಎಂದರು. ಹಬೆಯಾಡುವ ನೀರಿನ ಬೋಗುಣಿ ಬಂದಾಗ ಅದಕ್ಕೆ ಉಪ್ಪು ಹಾಕಿ ಎರಡೂ ಕೈ ಮುಳುಗಿಸಿ ಕುಳಿತರು. ಬೆರಳು ಸಡಿಲವಾಗಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ನಾನು ಫ್ಯಾನು ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ಗು ಕಿತ್ತು, ಗೋಡೆ ಗಡಿಯಾರವನ್ನು ಹಿತ್ತಿಲಿಗೆ ಒಯ್ದಿಟ್ಟೆ. ಗಿರಿಜಮ್ಮ ಕುಕ್ಕರು ಇಳಿಸಿದರು. ಟೀಚರು ತಂಬೂರಿಯ ಬಟ್ಟೆ ಬಿಚ್ಚಿ, ನಾಲ್ಕು ತಂತಿಗೂ ನೂಲಿನೆಳೆ ಸರಿಸಿ ಸರಿಸಿ ಜೀವಾಳ ಕೂರಿಸಿದರು. ಅದಕ್ಕೇ ಅರ್ಧ ಶಕ್ತಿ ಹೋಯಿತು. ಆಮೇಲೆ ಮೀಟಿದರು.

ಹನ್ನೊಂದು ನಿಮಿಷ. ಏಳನೇ ನಿಮಿಷಕ್ಕೆ ಒಂದು ಕಡೆ ಮಂದ್ರದ ತಂತಿ ತಡವಾಗಿ ಬಂತು, ಅವರು ನಿಲ್ಲಿಸಲಿಲ್ಲ. ಕೊನೆಗೆ ಕೈ ತಾನಾಗಿ ಕೆಳಗೆ ಬಿತ್ತು. ಆ ಹನ್ನೊಂದು ನಿಮಿಷವನ್ನು ಹಿಂಡದೆ, ಕತ್ತರಿಸದೆ, ಮೂರು ಕಡೆ ನಕಲು ಮಾಡಿ ಇಟ್ಟೆ. ತಡವಾದ ತಂತಿಯೂ ಇರಲಿ ಎಂದು ಬಿಟ್ಟೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುವಂತೆ, ಕಿವಿಗೆ ಬೆಸುಗೆ ಗೊತ್ತಾಗದಂತೆ ಜೋಡಿಸಿದೆ. ಗುರುಸಿದ್ದಪ್ಪನವರಲ್ಲಿ ಕಲಿತ ಬೆಸುಗೆಗಿಂತ ಅದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

ಮಧ್ಯಾಹ್ನ ಊಟವಾದ ಮೇಲೆ ಮೀಟರು ಹಿಡಿದು ಮಟ್ಟ ಸಮ ಮಾಡಿ ಮತ್ತೆ ಎರಡು ಪೆಟ್ಟಿಗೆ. ಈ ಸಲ ಗಿರಿಜಮ್ಮ ನಿಜವಾಗಿಯೂ ಬದಲಿಸಿದರು. ಎಂಟು ಸಲ ಬದಲಿಸಿದರು, ಎಂಟು ಸಲವೂ ಟೀಚರು ಬಿಳಿಯದನ್ನೇ ಆರಿಸಿದರು. ಕರಿಯದರಲ್ಲಿ ಜೀವಾಳಕ್ಕೆ ಬೆಲ್ಲ ಸವರಿದ ಹಾಗಿದೆ, ಬಿಳಿಯದರಲ್ಲಿ ಎಳೆ ಎಳೆಯೂ ಬಿಡಿ ಬಿಡಿಯಾಗಿದೆ ಎಂದರು. ಅವರು ಹೇಳಿದ ಮೇಲೆ ನನಗೂ ಕೇಳಿಸಿತು. ಹೇಳುವ ಮೊದಲೇ ಕೇಳಿಸಿತ್ತೆಂದು ಬರೆದರೆ ಅದು ಸುಳ್ಳಾಗುತ್ತದೆ. ಪೆಟ್ಟಿಗೆ ಪೆಟ್ಟಿಗೆಗೆ ಸ್ವಭಾವ ಇಲ್ಲವೆಂದಲ್ಲ, ಇದೆ. ಆದರೆ ಅದು ಒಂದು ಗೆರೆಗಿಂತ ಬಹಳ ಸಣ್ಣದು, ಗೆರೆ ಎದ್ದು ನಿಂತರೆ ಕಾಣುವುದೇ ಇಲ್ಲ.

ಬಿಳಿಯದು ಹೋಯಿತು ಎಂದು ಯಜಮಾನರಿಗೆ ಫೋನು ಮಾಡಿದೆ. ಇನ್ನು ಮುಂದೆ ಗೆರೆ ಜಾಸ್ತಿ ಇಡುವುದಿಲ್ಲ ಎಂದೂ ಹೇಳಿದೆ. ನಿನಗೆ ವಯಸ್ಸಾಯಿತು ಎಂದರು. ಒಂದು ವರ್ಷ ಮಟ್ಟ ಸಮ ಮಾಡಿಯೇ ಕೇಳಿಸಿದೆ, ಆಮೇಲೆ ಇಬ್ಬರೂ ಸಮಾಧಾನದಿಂದಲೇ ನನ್ನ ನಿವೃತ್ತಿಗೆ ಒಪ್ಪಿದೆವು.

ತಂಬೂರಿ ಹೊಸದಾಗಿ ರೆಕಾರ್ಡ್ ಮಾಡಿದ ಆ ದಿನ, ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಡುಮನೆಯಲ್ಲಿ ಬಿಳಿ ಪೆಟ್ಟಿಗೆಯಲ್ಲಿ ತಂಬೂರಿ ಓಡುತ್ತಿತ್ತು, ಟೀಚರು ಬೆಚ್ಚಗಿನ ಬಟ್ಟೆಯಲ್ಲಿ ಕೈ ಸುತ್ತಿಕೊಂಡು ಕುಳಿತಿದ್ದರು, ನಾನು ಕರಿಯದನ್ನು ಕಟ್ಟುತ್ತಿದ್ದೆ. ಪಾಠದ ಹೊತ್ತು ದಾಟಿತು, ಮಕ್ಕಳು ಬರಲಿಲ್ಲ. ಕಾಲು ಗಂಟೆಯಾದ ಮೇಲೆ ಗಿರಿಜಮ್ಮ ಹೊರಗೆ ಇಣುಕಿ ನೋಡಿ ನನ್ನನ್ನು ಕೈಸನ್ನೆ ಮಾಡಿ ಕರೆದರು. ಜಗಲಿಯ ಮೇಲೆ ಆರೂ ಹುಡುಗಿಯರು ಸಾಲಾಗಿ ಕುಳಿತಿದ್ದರು, ಚಪ್ಪಲಿ ಬಿಟ್ಟು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು. ಯಾಕೆ ಒಳಗೆ ಬರಲಿಲ್ಲ ಎಂದು ಮೆಲ್ಲಗೆ ಕೇಳಿದೆ. ಎಲ್ಲರಿಗಿಂತ ಸಣ್ಣವಳು ಬಾಯಿಗೆ ಬೆರಳಿಟ್ಟು ಸುಮ್ಮನಿರುವಂತೆ ನನಗೇ ಸೂಚಿಸಿದಳು.

"ಟೀಚರ್ ನುಡಿಸ್ತಿದಾರೆ. ಮುಗಿಯೋ ತನಕ ಯಾರೂ ಒಳಗೆ ಹೋಗ್ಬಾರ್ದು."